ದೊಡ್ಡ ಸಂಖ್ಯೆಯನ್ನು ಬಿಚ್ಚಿ ನೋಡುವುದು ಹೇಗೆ? 12345654321 ಇಟ್ಟುಕೊಂಡು ಕಲಿಯೋಣ

ಹತ್ತು ಹನ್ನೊಂದು ಅಂಕಿಯ ಸಂಖ್ಯೆ ಎದುರಿಗೆ ಬಂದರೆ ಹೆಚ್ಚಿನವರು ಸೀದಾ ಕ್ಯಾಲ್ಕುಲೇಟರ್ ತೆಗೆಯುತ್ತಾರೆ. 3ರಿಂದ ಹೋಗುತ್ತದಾ, 7ರಿಂದ ಹೋಗುತ್ತದಾ ಅಂತ ಒಂದೊಂದಾಗಿ ಭಾಗಿಸಲು ಶುರು ಮಾಡುತ್ತಾರೆ. ಹತ್ತು ನಿಮಿಷದಲ್ಲಿ ಬೇಜಾರು ಬಂದು ಬಿಟ್ಟುಬಿಡುತ್ತಾರೆ. ಭಾಗಾಕಾರ ಕೊನೆಗೆ ಮಾಡಬೇಕಾದ ಕೆಲಸ. ಅದಕ್ಕೂ ಮುಂಚೆ ಬರೀ ಕೂಡಿ ಕಳೆದು ತಿಳಿಯಬಹುದಾದದ್ದು ಬೇಕಾದಷ್ಟಿದೆ. ಒಂದು ಹಾಳೆ, ಒಂದು ಪೆನ್ನು ಸಾಕು.

ಉದಾಹರಣೆಗೆ 12345654321 ತೆಗೆದುಕೊಂಡಿದ್ದೇನೆ. ಇದು ಸುಮ್ನೆ ಕೀಲಿಮಣೆ ಮೇಲೆ ಬೆರಳಾಡಿಸಿ ಬಂದ ಸಂಖ್ಯೆಯಲ್ಲ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥ ಬರೆದರು. ನೃಪತುಂಗನ ರಾಜಧಾನಿ ಮಾನ್ಯಖೇಟ ಅಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಆ ಗ್ರಂಥದಲ್ಲಿ ಗುಣಾಕಾರ ಕಲಿಸಲು ಕೊಟ್ಟ ಒಂದು ಲೆಕ್ಕ ಹೀಗಿದೆ: 27994681 × 441. ಉತ್ತರವೇ ನಮ್ಮ ಸಂಖ್ಯೆ. ಒಂದರಿಂದ ಆರರವರೆಗೆ ಏರಿ, ಆಮೇಲೆ ಅದೇ ಕ್ರಮದಲ್ಲಿ ಇಳಿಯುತ್ತದೆ ಎಂದು ಅವರೇ ವರ್ಣಿಸುತ್ತಾರೆ. 27994681 ಎಂಬ ವಿಚಿತ್ರ ಸಂಖ್ಯೆ ಅವರಿಗೆ ಎಲ್ಲಿಂದ ಹೊಳೆಯಿತು? ಅದು ಮುಂದೆ ತಾನಾಗಿ ಗೊತ್ತಾಗುತ್ತದೆ.

ಹೆಜ್ಜೆ 1: ಮೊದಲು ಸರಿಯಾಗಿ ಓದಿ

ಬಲಗಡೆಯಿಂದ ಅಲ್ಪವಿರಾಮ ಹಾಕಿ. 12,34,56,54,321. ಅಂದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಒಟ್ಟು 11 ಅಂಕಿ. ನಾವು ಕೋಟಿಗೆ ನಿಲ್ಲಿಸಿ ‘ಸಾವಿರ ಕೋಟಿ’ ಎನ್ನುತ್ತೇವೆ. ಮಹಾವೀರಾಚಾರ್ಯರು 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಅವರ ಪಟ್ಟಿಯಲ್ಲಿ 11ನೆಯದು ಅರ್ಬುದ, 24ನೆಯದು ಮಹಾಕ್ಷೋಭ.

ಅಂಕಿ ಎಣಿಸುವುದು ಬರೀ ಶಾಸ್ತ್ರಕ್ಕಲ್ಲ. ವರ್ಗಮೂಲಕ್ಕೆ ಎಷ್ಟು ಅಂಕಿ ಬರುತ್ತದೆ, ಯಾವ ಉಪಕರಣ ಈ ಸಂಖ್ಯೆಯನ್ನು ತಡೆದುಕೊಳ್ಳುತ್ತದೆ ಎನ್ನುವುದೆಲ್ಲ ಅದರ ಮೇಲೆ ನಿಂತಿದೆ. ಎಕ್ಸೆಲ್ 15 ಅಂಕಿಗಿಂತ ಜಾಸ್ತಿ ನೆನಪಿಡುವುದಿಲ್ಲ. 12345678987654321 ಎಂದು ಬರೆದು ನೋಡಿ. ಕೊನೆಯ 21 ಹೋಗಿ 00 ಆಗಿರುತ್ತದೆ, ಒಂದು ಎಚ್ಚರಿಕೆಯ ಮಾತೂ ಬರುವುದಿಲ್ಲ. ಅಂಥ ಸಂಖ್ಯೆ ಬೆಸವೋ ಸಮವೋ ಎನ್ನುವುದೂ ಅಲ್ಲಿ ತಪ್ಪಾಗುತ್ತದೆ. ನಮ್ಮ 11 ಅಂಕಿಯದಕ್ಕೆ ಆ ಭಯ ಇಲ್ಲ.

ಹೆಜ್ಜೆ 2: ಅಂಕಿಗಳನ್ನು ಕೂಡಿ, ಕಳೆಯಿರಿ

ಕೊನೆಯ ಅಂಕಿ 1. ಹಾಗಾಗಿ 2 ಮತ್ತು 5 ಹೊರಗೆ.

ಅಂಕಿಗಳ ಮೊತ್ತ 1+2+3+4+5+6+5+4+3+2+1 = 36. ಇದು 9ರಿಂದ ಹೋಗುತ್ತದೆ, ಆದ್ದರಿಂದ ಪೂರ್ತಿ ಸಂಖ್ಯೆಯೂ 9ರಿಂದ ಹೋಗುತ್ತದೆ. ಇಲ್ಲೇ ಇನ್ನೊಂದು ಪ್ರಶ್ನೆಗೂ ಉತ್ತರ ಸಿಕ್ಕಿತು. ತನ್ನ ಅಂಕಿಗಳ ಮೊತ್ತದಿಂದಲೇ ಪೂರ್ತಿ ಭಾಗವಾಗುವ ಸಂಖ್ಯೆಗಳಿಗೆ ಮಹಾರಾಷ್ಟ್ರದ ದೇವಳಾಲಿಯ ಶಾಲಾ ಶಿಕ್ಷಕ ಡಿ. ಆರ್. ಕಾಪ್ರೇಕರ್ ‘ಹರ್ಷದ’ ಎಂದು ಹೆಸರಿಟ್ಟರು. ನಮ್ಮದು ಹರ್ಷದ ಅಲ್ಲ. 36 ಸಮ, ಇದು ಬೆಸ. ಭಾಗಿಸಿ ನೋಡುವ ಅಗತ್ಯವೇ ಇಲ್ಲ.

ಈಗ ಒಂದು ಬಿಟ್ಟು ಒಂದಕ್ಕೆ ಕಳೆಯುವ ಚಿಹ್ನೆ ಹಾಕಿ: 1−2+3−4+5−6+5−4+3−2+1 = 0. ಸೊನ್ನೆಯೋ 11ರ ಗುಣಕವೋ ಬಂದರೆ ಸಂಖ್ಯೆ 11ರಿಂದ ಹೋಗುತ್ತದೆ. ಎಡದಿಂದಲೂ ಬಲದಿಂದಲೂ ಒಂದೇ ರೀತಿ ಓದುವ ಸಂಖ್ಯೆ ಅಲ್ವಾ, 11ರಿಂದ ಹೋಗಲೇಬೇಕು ಎಂದು ಕೆಲವರು ಅಂದುಕೊಳ್ಳುತ್ತಾರೆ. ಅಂಕಿಗಳ ಎಣಿಕೆ ಸಮವಾಗಿದ್ದರೆ ಮಾತ್ರ ಆ ಮಾತು ನಿಜ. ಇಲ್ಲಿ 11 ಅಂಕಿ ಇವೆ, ಆದ್ದರಿಂದ ಕೂಡಿ ಕಳೆದು ನೋಡಲೇಬೇಕಿತ್ತು.

ಹೆಜ್ಜೆ 3: ಮೂರು ಮೂರು ಅಂಕಿ ಕತ್ತರಿಸಿ

ನನ್ನ ಪ್ರಕಾರ ಶಾಲೆಯಲ್ಲಿ ಇನ್ನಷ್ಟು ಹೇಳಿಕೊಡಬೇಕಾದ ಉಪಾಯ ಇದು. 7ಕ್ಕೆ, 13ಕ್ಕೆ ಬೇರೆ ಬೇರೆ ನಿಯಮ ಬಾಯಿಪಾಠ ಮಾಡಿಸುತ್ತಾರೆ, ಯಾವುದೂ ನೆನಪಿರುವುದಿಲ್ಲ. ಇದೊಂದು ಗೊತ್ತಿದ್ದರೆ ಐದು ಅವಿಭಾಜ್ಯಗಳ ಕೆಲಸ ಮುಗಿಯುತ್ತದೆ.

ಬಲಗಡೆಯಿಂದ ಮೂರು ಮೂರಾಗಿ ಕತ್ತರಿಸಿ: 12 | 345 | 654 | 321.

ಬಲದಿಂದ ಒಂದನ್ನು ಕೂಡಿ, ಮುಂದಿನದನ್ನು ಕಳೆಯಿರಿ: 321 − 654 + 345 − 12 = 0. ಇದು 1001ರ ಪರೀಕ್ಷೆ. 1001 ಅಂದರೆ 7 × 11 × 13. ಉತ್ತರ 7ರಿಂದ ಹೋದರೆ ಸಂಖ್ಯೆಯೂ 7ರಿಂದ ಹೋಗುತ್ತದೆ, 11 ಮತ್ತು 13ಕ್ಕೂ ಹಾಗೆಯೇ. ನಮಗೆ ಬಂದದ್ದು ಸೊನ್ನೆ, ಹಾಗಾಗಿ ಮೂರೂ ಒಟ್ಟಿಗೆ ಸಿಕ್ಕವು.

ಈಗ ಅದೇ ತುಂಡುಗಳನ್ನು ಬರೀ ಕೂಡಿ: 12 + 345 + 654 + 321 = 1332. ಮತ್ತೆ ಕತ್ತರಿಸಿ ಕೂಡಿ: 1 + 332 = 333. ಇದು 999ರ ಪರೀಕ್ಷೆ. 999 ಅಂದರೆ 27 × 37. 333 ಎನ್ನುವುದು 9 × 37, ಆದ್ದರಿಂದ 37 ಸಿಕ್ಕಿತು. 333 ಅನ್ನು 27ರಿಂದ ಭಾಗಿಸಿದರೆ 9 ಉಳಿಯುತ್ತದೆ, ಅಂದರೆ ಸಂಖ್ಯೆ 9ರಿಂದ ಹೋಗುತ್ತದೆ, 27ರಿಂದ ಹೋಗುವುದಿಲ್ಲ. 3 ಎಷ್ಟು ಸಲ ಇದೆ ಎನ್ನುವುದೂ ಇತ್ಯರ್ಥವಾಯಿತು. ಎರಡೇ ಸಲ.

ಇದು ಯಾಕೆ ನಡೆಯುತ್ತದೆ ಅಂದರೆ, 1000 ಅನ್ನುವುದು 999ಕ್ಕಿಂತ ಒಂದು ಜಾಸ್ತಿ, 1001ಕ್ಕಿಂತ ಒಂದು ಕಡಿಮೆ. ಪ್ರತಿ ಮೂರು ಸ್ಥಾನಕ್ಕೊಮ್ಮೆ ಶೇಷ 999ರಲ್ಲಿ +1 ಆಗಿಯೇ ಉಳಿಯುತ್ತದೆ, 1001ರಲ್ಲಿ +1, −1 ಎಂದು ಬದಲಾಗುತ್ತದೆ. ಅಷ್ಟೇ.

ಹೆಜ್ಜೆ 4: ವರ್ಗವೇ ಎಂದು ನೋಡಿ

ಪೂರ್ಣವರ್ಗ ಎಂದು ಗೊತ್ತಾದರೆ ಮುಂದಿನ ಕೆಲಸ ಬಹಳ ಇಳಿಯುತ್ತದೆ. ಮೊದಲು ಜರಡಿ ಹಿಡಿಯಿರಿ. ವರ್ಗಸಂಖ್ಯೆ 2, 3, 7, 8ರಲ್ಲಿ ಮುಗಿಯುವುದಿಲ್ಲ. ಬೆಸ ವರ್ಗವನ್ನು 8ರಿಂದ ಭಾಗಿಸಿದರೆ 1 ಉಳಿಯಲೇಬೇಕು, ಇದಕ್ಕೆ ಕೊನೆಯ ಮೂರಂಕಿ ನೋಡಿದರೆ ಸಾಕು. ನಮ್ಮ 321 = 8 × 40 + 1, ಸರಿಹೋಯಿತು. ಅಂಕಿಗಳನ್ನು ಒಂದೇ ಅಂಕಿ ಉಳಿಯುವವರೆಗೆ ಕೂಡುತ್ತಾ ಹೋದರೆ 1, 4, 7 ಅಥವಾ 9 ಬರಬೇಕು. ನಮಗೆ 36, ಆಮೇಲೆ 9. ಇದೂ ಸರಿ.

ಆದರೆ ಜರಡಿ ದಾಟಿದ್ದೆಲ್ಲ ವರ್ಗ ಅಲ್ಲ. 721 ಈ ಮೂರನ್ನೂ ದಾಟುತ್ತದೆ, ಆದರೂ ಅದು 7 × 103. ಹಾಗಾಗಿ ವರ್ಗಮೂಲ ತೆಗೆಯಲೇಬೇಕು. ಶಾಲೆಯ ಭಾಗಾಕಾರ ಕ್ರಮ ನೆನಪಿದೆಯಾ? ಬಲದಿಂದ ಜೋಡಿ ಮಾಡಿ: 1 | 23 | 45 | 65 | 43 | 21. ಆರು ತುಂಡು, ಆದ್ದರಿಂದ ಮೂಲಕ್ಕೆ ಆರು ಅಂಕಿ.

ಮೊದಲ 1ರ ಮೂಲ 1. ಶೇಷ 0. 23 ಇಳಿಸಿ, 21 ಕಳೆದರೆ 2. 45 ಇಳಿಸಿದರೆ 245, ಅದರಲ್ಲಿ 221 ಕಳೆದರೆ 24. 65 ಇಳಿಸಿದರೆ 2465, ಅದರಲ್ಲಿ 2221 ಕಳೆದರೆ 244. 43 ಇಳಿಸಿದರೆ 24443, ಅದರಲ್ಲಿ 22221 ಕಳೆದರೆ 2222. ಕೊನೆಗೆ 21 ಇಳಿಸಿದರೆ 222221. ಕಳೆಯಬೇಕಾದದ್ದೂ 222221. ಶೇಷ ಸೊನ್ನೆ! ಪ್ರತಿ ಸಲವೂ ಮೂಲಕ್ಕೆ ಸೇರಿದ ಅಂಕಿ 1. ಹಾಗಾಗಿ ವರ್ಗಮೂಲ 111111.

ಏರಿಳಿತದ ಗುಟ್ಟೂ ಇದೇ. 111111 ಅನ್ನು ಅದರಿಂದಲೇ ಗುಣಿಸುವಾಗ ಆರು ಸಾಲು 111111 ಬರೆಯುತ್ತೇವೆ, ಪ್ರತಿ ಸಾಲೂ ಒಂದು ಸ್ಥಾನ ಎಡಕ್ಕೆ. ಬಿಡಿ ಸ್ಥಾನದ ಕಂಬದಲ್ಲಿ ಒಂದೇ 1, ಹತ್ತರ ಸ್ಥಾನದಲ್ಲಿ ಎರಡು, ನಡುವಿನ ಕಂಬದಲ್ಲಿ ಆರು. ಎಲ್ಲೂ ದಶಕ ಬರುವುದಿಲ್ಲ, ಅದಕ್ಕೇ ರೂಪ ಕೆಡುವುದಿಲ್ಲ. ಒಂಬತ್ತು ಒಂದುಗಳವರೆಗೆ ಈ ಆಟ ನಡೆಯುತ್ತದೆ. ಹತ್ತು ಒಂದು ತೆಗೆದುಕೊಂಡರೆ ನಡುವಿನ ಕಂಬದಲ್ಲಿ 10 ಬಂದು ದಶಕ ಏರುತ್ತದೆ, ಉತ್ತರ 1234567900987654321 ಆಗುತ್ತದೆ. ನಡುವೆ 8 ನಾಪತ್ತೆ.

ಹೆಜ್ಜೆ 5: ಈಗ ಭಾಗಿಸಿ

ಸಿಕ್ಕ ಅವಿಭಾಜ್ಯಗಳು 3, 7, 11, 13, 37. ವರ್ಗ ಎಂದು ಗೊತ್ತಿರುವುದರಿಂದ ಒಂದೊಂದೂ ಜೋಡಿಯಾಗಿಯೇ ಇರಬೇಕು. ಹಾಗಾಗಿ 9, 49, 121, 169ರಿಂದ ನೇರ ಭಾಗಿಸಬಹುದು.

12345654321 ÷ 9 = 1371739369
1371739369 ÷ 49 = 27994681
27994681 ÷ 121 = 231361
231361 ÷ 169 = 1369
1369 = 37 × 37

ಎರಡನೇ ಸಾಲು ನೋಡಿ. ಮಹಾವೀರಾಚಾರ್ಯರ 27994681 ಅಲ್ಲಿದೆ. 9 × 49 = 441. ಅಂದರೆ ಅವರು ಕೊಟ್ಟದ್ದು 5291ರ ವರ್ಗ ಮತ್ತು 21ರ ವರ್ಗ. ಎರಡು ವರ್ಗಗಳ ಗುಣಲಬ್ಧವನ್ನು ನೇರವಾಗಿ ಹೇಳದೆ ಬಿಡಿಸಿ ಕೊಟ್ಟಿದ್ದಾರೆ. ಶಿಷ್ಯ ಬೆವರು ಸುರಿಸಿ ಗುಣಿಸಿದ ಮೇಲೆ ಇಂಥ ಉತ್ತರ ಬಂದರೆ ಲೆಕ್ಕ ಸರಿಯಾಯಿತು ಎಂದು ಅವನಿಗೇ ಗೊತ್ತಾಗುತ್ತದೆ. ಒಳ್ಳೆಯ ಮೇಷ್ಟ್ರ ಬುದ್ಧಿ.

ಇಲ್ಲಿ ಗಮನಿಸಬೇಕಾದ ಇನ್ನೊಂದು ವಿಷಯ. ಒಂದು ಸಂಖ್ಯೆಗೆ ಭಾಜಕ ಹುಡುಕುವಾಗ ಅದರ ವರ್ಗಮೂಲದವರೆಗೆ ಹೋದರೆ ಸಾಕು. ನಮ್ಮದಕ್ಕೆ ಅದು 111111. ಒಂದು ಲಕ್ಷದೊಳಗೇ 9,592 ಅವಿಭಾಜ್ಯಗಳಿವೆ. ಆದರೆ ಒಂದೊಂದು ಭಾಜಕ ತೆಗೆದಾಗಲೂ ಉಳಿದದ್ದು ಚಿಕ್ಕದಾಗುತ್ತದೆ, ಗಡಿಯೂ ಹತ್ತಿರ ಬರುತ್ತದೆ. ಕೊನೆಗೆ 1369 ಉಳಿದಾಗ ಗಡಿ ಬರೀ 37. ಅನೇಕರು ಮೂಲ ಸಂಖ್ಯೆಯ ಗಡಿಯನ್ನೇ ಹಿಡಿದುಕೊಂಡು ಸುಮ್ಮನೆ ಒದ್ದಾಡುತ್ತಾರೆ.

ಹೆಜ್ಜೆ 6: ಅಪವರ್ತನದಿಂದ ಉಳಿದದ್ದನ್ನು ಹಿಂಡಿ ತೆಗೆಯಿರಿ

ನಮ್ಮ ಸಂಖ್ಯೆ = 3² × 7² × 11² × 13² × 37². ಇದೊಂದು ಸಾಲು ಕೈಯಲ್ಲಿದ್ದರೆ ಮಿಕ್ಕಿದ್ದಕ್ಕೆ ಸಂಖ್ಯೆಯನ್ನು ಮತ್ತೆ ಮುಟ್ಟಬೇಕಾಗಿಲ್ಲ.

ಎಷ್ಟು ಭಾಜಕಗಳು? ಪ್ರತಿ ಘಾತಕ್ಕೆ ಒಂದು ಕೂಡಿಸಿ ಗುಣಿಸಿ: 3 × 3 × 3 × 3 × 3 = 243. ಬೆಸ ಬಂದಿದೆ. ವರ್ಗಸಂಖ್ಯೆಗಳಿಗೆ ಮಾತ್ರ ಹೀಗೆ ಬೆಸ ಬರುತ್ತದೆ.

ಭಾಜಕಗಳ ಮೊತ್ತ ಎಷ್ಟು? 243 ಭಾಜಕ ಬರೆಯುವ ಹುಚ್ಚು ಬೇಡ. ಪ್ರತಿ ಅವಿಭಾಜ್ಯಕ್ಕೂ (1 + ಅದು + ಅದರ ವರ್ಗ) ತೆಗೆದು ಗುಣಿಸಿ: 13 × 57 × 133 × 183 × 1407 = 25375524993. ಇದರಲ್ಲಿ ಸಂಖ್ಯೆಯನ್ನೇ ಕಳೆದರೆ 13029870672. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗಿಂತಲೂ ಜಾಸ್ತಿ! ಇಂಥವನ್ನು ಅಬಂಡೆಂಟ್ ಸಂಖ್ಯೆ ಎನ್ನುತ್ತಾರೆ. ಸಮಸಂಖ್ಯೆಗಳಲ್ಲಿ ಇವು 12, 18, 20 ಎಂದು ಬೇಗ ಸಿಗುತ್ತವೆ. ಬೆಸಗಳಲ್ಲಿ ಮೊದಲನೆಯದು ಸಿಗುವುದೇ 945ರಲ್ಲಿ.

ಈಗ 37 ಅನ್ನು ಬಿಟ್ಟು ನೋಡಿ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. 3² × 7² × 11² × 13² = 9018009. ಇದರ ಎಲ್ಲ ಭಾಜಕಗಳ ಮೊತ್ತ 13 × 57 × 133 × 183 = 18035199. ಸಂಖ್ಯೆಯ ಎರಡರಷ್ಟು 18036018. ಬರೀ 819 ಕಡಿಮೆ! ಸರಿಯಾಗಿ ಎರಡರಷ್ಟಿದ್ದರೆ ಅದು ಪರಿಪೂರ್ಣ ಸಂಖ್ಯೆ ಆಗುತ್ತಿತ್ತು, 6 ಅಥವಾ 28ರ ಹಾಗೆ. ಬೆಸ ಪರಿಪೂರ್ಣ ಸಂಖ್ಯೆ ಒಂದಾದರೂ ಇದೆಯೇ ಎನ್ನುವುದು ಇವತ್ತಿಗೂ ಬಗೆಹರಿಯದ ಪ್ರಶ್ನೆ.

1638ರಲ್ಲಿ ಫ್ರಾನ್ಸಿನ ರೆನೆ ದೆಕಾರ್ತ್ ಕೈ ಹಾಕಿದ್ದು ಇದೇ ನಾಲ್ಕು ವರ್ಗಗಳಿಗೆ. ಅವನು 9018009 ಅನ್ನು 22021ರಿಂದ ಗುಣಿಸಿ 198585576189 ಪಡೆದ. 22021 ಅವಿಭಾಜ್ಯ ಎಂದು ಇಟ್ಟುಕೊಂಡರೆ ಭಾಜಕಗಳ ಮೊತ್ತ 18035199 × 22022. ಗುಣಿಸಿ ನೋಡಿ, 397171152378 ಬರುತ್ತದೆ. ಇದು ಸರಿಯಾಗಿ ಎರಡರಷ್ಟು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ತೊಂದರೆ ಒಂದೇ: 22021 ಅವಿಭಾಜ್ಯ ಅಲ್ಲ, ಅದು 19 × 19 × 61. ಮಹಾವೀರಾಚಾರ್ಯರ ಸಂಖ್ಯೆಯ ಬಹುಪಾಲು ಅವಿಭಾಜ್ಯಗಳು ಎಂಟು ಶತಮಾನದ ಮೇಲೆ ದೆಕಾರ್ತನ ಲೆಕ್ಕದಲ್ಲಿ ಕಾಣಿಸಿಕೊಂಡವು. ಒಬ್ಬರಿಂದ ಇನ್ನೊಬ್ಬರಿಗೆ ಹೋದದ್ದಲ್ಲ. 1001 ಎಂಬುದು 7, 11, 13ರ ಗುಣಲಬ್ಧ ಆದದ್ದು ನಮ್ಮ ಹತ್ತರ ಎಣಿಕೆಯಲ್ಲಿ ಆದ ಕಾಕತಾಳೀಯ, ಅಷ್ಟೇ.

ಹೆಜ್ಜೆ 7: ತ್ರಿಭುಜ ಹುಡುಕಿ

ಅಪವರ್ತನದಲ್ಲಿ 4ರಿಂದ ಭಾಗಿಸಿದರೆ 1 ಉಳಿಯುವ ಅವಿಭಾಜ್ಯ ಇದೆಯೇ ನೋಡಿ. ಇಲ್ಲಿ 13 ಮತ್ತು 37 ಇವೆ. ಇದ್ದರೆ ಅದರ ವರ್ಗವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು. 5, 12, 13 ಎಲ್ಲರಿಗೂ ಗೊತ್ತು. 111111 = 13 × 8547. ಹಾಗಾದರೆ 5 ಮತ್ತು 12 ಅನ್ನು 8547ರಿಂದ ಗುಣಿಸಿ: 42735 ಮತ್ತು 102564. ಇವೆರಡರ ವರ್ಗ ಕೂಡಿದರೆ ನಮ್ಮ 12345654321 ಬರುತ್ತದೆ. 102564 ಕೂಡ ಒಂದು ತಮಾಷೆಯ ಸಂಖ್ಯೆ. 4ರಿಂದ ಗುಣಿಸಿದರೆ 410256, ಕೊನೆಯ 4 ಮುಂದೆ ಬಂದು ಕೂರುತ್ತದೆ!

12, 35, 37 ಹಿಡಿದು 3003ರಿಂದ ಗುಣಿಸಿದರೆ 36036 ಮತ್ತು 105105. 111111 ವಿಕರ್ಣವಾಗಿರುವ ಲಂಬಕೋನ ತ್ರಿಭುಜಗಳು, ಬಾಹುಗಳು ಪೂರ್ಣಸಂಖ್ಯೆಯಾಗಿರುವವು, ಒಟ್ಟು ನಾಲ್ಕು. ಉಳಿದೆರಡು ಬೇಕಾದರೆ 31, 480, 481 ಮತ್ತು 319, 360, 481 ತೆಗೆದುಕೊಂಡು 231ರಿಂದ ಗುಣಿಸಿ.

ಹೆಜ್ಜೆ 8: ಒಂದನ್ನು ಅದರಿಂದ ಭಾಗಿಸಿದರೆ?

1 ÷ 111111 = 0.000009000009… ಆರು ಅಂಕಿಗೊಮ್ಮೆ ಮರುಕಳಿಸುತ್ತದೆ, ಯಾಕೆಂದರೆ 999999 = 9 × 111111. 1 ÷ 12345654321ಕ್ಕೆ ಎಷ್ಟು ಅಂಕಿಗೊಮ್ಮೆ? ಬರೀ 9ಗಳಿಂದಾದ ಯಾವ ಚಿಕ್ಕ ಸಂಖ್ಯೆ ಇದರಿಂದ ಪೂರ್ತಿ ಭಾಗವಾಗುತ್ತದೆ ಎಂದು ಕೇಳಿದರೆ ಆಯಿತು. ಆರು ಒಂಬತ್ತರ ಕಂತೆಯಲ್ಲಿ 111111 ಒಂದು ಸಲ ಇದ್ದೇ ಇದೆ. ಇನ್ನೊಂದು ಸಲ ಬೇಕಾದರೆ, ಕಂತೆಗಳ ಎಣಿಕೆಯ 9 ಪಟ್ಟು 111111ರಿಂದ ಹೋಗಬೇಕು. ಅದು ಮೊದಲು ಆಗುವುದು 37037 ಕಂತೆಗಳಿಗೆ. 6 × 37037 = 222222. ಅಂದರೆ 222222 ಅಂಕಿಗಳಾದ ಮೇಲೆ ದಶಮಾಂಶ ಮತ್ತೆ ಮೊದಲಿನಿಂದ ಶುರು. ಉತ್ತರ ಇಷ್ಟು ನೀಟಾಗಿ ಬರುತ್ತದೆ ಎಂದು ಯಾರು ಅಂದುಕೊಂಡಿರುತ್ತಾರೆ?

ಯಾವ ಪರೀಕ್ಷೆಗೂ ಬಗ್ಗದಿದ್ದರೆ

ಎಲ್ಲ ಸಂಖ್ಯೆಗಳೂ ಇಷ್ಟು ಸಾಧುವಲ್ಲ. 4294967297 ತೆಗೆದುಕೊಳ್ಳಿ. ಇದು 2ನ್ನು 32 ಸಲ ಗುಣಿಸಿ ಒಂದು ಕೂಡಿಸಿದ್ದು. ಅವಿಭಾಜ್ಯ ಇರಬೇಕು ಎಂದು 17ನೇ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ನಂಬಿದ್ದ. ಮೇಲಿನ ಯಾವ ಸಣ್ಣ ಪರೀಕ್ಷೆಗೂ ಇದು ಸಿಗುವುದಿಲ್ಲ. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ಇದನ್ನು ಒಡೆದ: 641 × 6700417. ಈ ರೂಪದ ಸಂಖ್ಯೆಗೆ ಅವಿಭಾಜ್ಯ ಭಾಜಕ ಇದ್ದರೆ ಅದು 64ರ ಗುಣಕಕ್ಕಿಂತ ಒಂದು ಜಾಸ್ತಿ ಇರಲೇಬೇಕು. ಆ ಲೆಕ್ಕದಲ್ಲಿ ಬರುವ ಅವಿಭಾಜ್ಯಗಳು 193, 257, 449, 577, 641. ಐದನೆಯದಕ್ಕೇ ಸಿಕ್ಕಿಬಿಡುತ್ತದೆ. ಸಂಖ್ಯೆ ಹೇಗೆ ಹುಟ್ಟಿತು ಎಂದು ಗೊತ್ತಿದ್ದರೆ ಮೊದಲು ಅದನ್ನು ಬಳಸಿ, ಆಮೇಲೆ ಭಾಗಿಸಿ.

ಹುಟ್ಟೂ ಗೊತ್ತಿಲ್ಲ, ಭಾಜಕವೂ ಸಿಗುತ್ತಿಲ್ಲ ಅಂದರೆ ಕಂಪ್ಯೂಟರಿಗೆ ಕೊಡಿ, ಸಂಕೋಚ ಬೇಡ. ಲಿನಕ್ಸ್ ಇದ್ದರೆ ಟರ್ಮಿನಲ್‌ನಲ್ಲಿ ‘ಫ್ಯಾಕ್ಟರ್’ ಎಂದು ಇಂಗ್ಲಿಷಿನಲ್ಲಿ ಬರೆದು ಮುಂದೆ ಸಂಖ್ಯೆ ಹಾಕಿದರೆ ಅಪವರ್ತನ ಬರುತ್ತದೆ. ಪೈಥಾನ್‌ನ ಪೂರ್ಣಸಂಖ್ಯೆಗೆ ಅಂಕಿಗಳ ಮಿತಿ ಇಲ್ಲ. ಸಿ ಭಾಷೆಯ ಸಾಮಾನ್ಯ 32 ಬಿಟ್ ಪೂರ್ಣಸಂಖ್ಯೆ 2147483647ಕ್ಕೇ ಮುಗಿಯುತ್ತದೆ, ನಮ್ಮ ಸಂಖ್ಯೆ ಅದರಲ್ಲಿ ಹಿಡಿಸುವುದಿಲ್ಲ. ಅವಿಭಾಜ್ಯವೇ ಅಲ್ಲವೇ ಎಂದು ಹೇಳುವುದು ಒಡೆಯುವುದಕ್ಕಿಂತ ಎಷ್ಟೋ ಸುಲಭ. 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅದಕ್ಕೆ ಖಚಿತವಾದ, ಬೇಗನೆ ಮುಗಿಯುವ ವಿಧಾನ ಇದೆ ಎಂದು ಸಾಧಿಸಿದರು.

ಕೈ ಪಳಗಿಸಿಕೊಳ್ಳಲು ಒಂದು ಲೆಕ್ಕ

ಮಹಾವೀರಾಚಾರ್ಯರದೇ ಇನ್ನೊಂದು: 14287143 × 7 = 100010001. ಇದನ್ನು ಒಡೆಯಿರಿ. ಅಂಕಿಗಳ ಮೊತ್ತ 3, ಹಾಗಾಗಿ 3 ಇದೆ, 9 ಇಲ್ಲ. ತುಂಡುಗಳು 100 | 010 | 001. ಕೂಡಿದರೆ 111, ಅಂದರೆ 37 ಇದೆ. ಕೂಡಿ ಕಳೆದರೆ 1 − 10 + 100 = 91, ಅಂದರೆ 7 ಮತ್ತು 13 ಇವೆ, 11 ಇಲ್ಲ. ನಾಲ್ಕನ್ನೂ ಗುಣಿಸಿದರೆ 10101. 100010001 ಅನ್ನು ಅದರಿಂದ ಭಾಗಿಸಿದರೆ 9901 ಬರುತ್ತದೆ. ಇದರ ವರ್ಗಮೂಲ 100ಕ್ಕಿಂತ ಚೂರು ಕಡಿಮೆ, ಆದ್ದರಿಂದ 97ರವರೆಗಿನ ಅವಿಭಾಜ್ಯಗಳನ್ನು ಹಾಕಿ ನೋಡಿದರೆ ಮುಗಿಯಿತು. 2, 3, 5, 11 ನೋಡಿದ ತಕ್ಷಣ ಹೊರಗೆ ಬೀಳುತ್ತವೆ. 7 ಮತ್ತು 13ಕ್ಕೆ ಮತ್ತೆ ತುಂಡು ಮಾಡಿ: 901 − 9 = 892, ಎರಡರಿಂದಲೂ ಹೋಗುವುದಿಲ್ಲ. 37ಕ್ಕೆ 901 + 9 = 910, ಅದೂ ಇಲ್ಲ. 17ರಿಂದ ಮುಂದಿನದು ನಿಮಗೆ. ಯಾವುದೂ ಹೋಗಬಾರದು. ಯಾವುದಾದರೂ ಹೋದರೆ ಭಾಗಾಕಾರವನ್ನು ಇನ್ನೊಮ್ಮೆ ನೋಡಿ, 9901 ಅವಿಭಾಜ್ಯ.